ಡೆಮಾಕ್ರಸಿ ಬರೋದು ಒಂದು, ಉಳಿಯೋದು ಇನ್ನೊಂದು: ಕಲಬುರಗಿ ಕಡೀಂದ ನೋಡಿದ್ರ

ಶ್ರೀಲಂಕಾದಾಗ 2022ರ ಜುಲೈದಾಗ ಮಂದಿ ಅಧ್ಯಕ್ಷರ ಮನಿಯೊಳಗೇ ನುಗ್ಗಿದ್ರು, 2024ರ ಆಗಸ್ಟ್ 5ಕ್ಕ ಶೇಖ್ ಹಸೀನಾ ಬಾಂಗ್ಲಾದೇಶ ಬಿಟ್ಟು ಹೋದ್ರು, 2025ರ ಸೆಪ್ಟೆಂಬರ್‌ದಾಗ ನೇಪಾಳದ ಪ್ರಧಾನಿ ಓಲಿ ರಾಜೀನಾಮಿ ಕೊಟ್ರು. ಇಂಥದ್ದು ಆದಾಗೆಲ್ಲ ನಮ್ಮ ಕಲಬುರಗಿ ಕಡಿ ಚಾದಂಗಡಿದಾಗ, ವಾಟ್ಸಾಪ್ ಗ್ರೂಪಿನಾಗ ಎರಡು ಮಾತು ತಿರುಗಾಡ್ತಾವ. "ಇನ್ನ ಅಲ್ಲಿ ಎಲ್ಲಾ ಸುಧಾರಿಸ್ತದ" ಅನ್ನೋದು ಒಂದು, "ಅಂಥ ಬಡ ದೇಶದಾಗ ಡೆಮಾಕ್ರಸಿ ನಡಿಯಂಗಿಲ್ಲ ಬಿಡ್ರಿ, ಗಟ್ಟಿ ಮನಷ್ಯಾ ಒಬ್ಬ ಕುಂದ್ರಬೇಕು" ಅನ್ನೋದು ಇನ್ನೊಂದು. ಈ ಎರಡೂ ಮಾತಿನ ಹಿಂದ ಅರವತ್ತು ವರ್ಷಕ್ಕೂ ಮಿಕ್ಕಿದ ಒಂದು ದೊಡ್ಡ ವಾದ ಅದ, ಜಗತ್ತಿನ ರಾಜ್ಯಶಾಸ್ತ್ರದ ಪಂಡಿತರು ಇನ್ನೂ ಬಗೆಹರಿಸಿಕೊಂಡಿಲ್ಲ. ಅದನ್ನ ನಮ್ಮ ಮಂದಿಗೆ ತಿಳಿಯೋ ಹಂಗ ಹೇಳಬೇಕು ಅಂತ ಬರ್ಯಾಕತ್ತೀನಿ, ಯಾಕಂದ್ರ ಈ ವಾದದಾಗ ನಮ್ಮ ಜಿಲ್ಲಾದ ಇತಿಹಾಸನೂ ಒಂದು ಸಾಕ್ಷಿ, ನಾವೇ ಅದನ್ನ ಮರ್ತೀವಿ.

ಮೊದಲ ಆ ಇತಿಹಾಸ ನೋಡ್ರಿ. 1948ರ ಸೆಪ್ಟೆಂಬರ್ ತನಕ ಗುಲಬರ್ಗಾ, ಬೀದರ, ರಾಯಚೂರು ನಿಜಾಮನ ಕೈಯಾಗ ಇದ್ವು. ಮೀರ್ ಉಸ್ಮಾನ್ ಅಲಿ ಖಾನ್ ಒಂದು ಕಾಲಕ್ಕ ಜಗತ್ತಿನ ಅತ್ಯಂತ ಶ್ರೀಮಂತ ಅನಿಸಿಕೊಂಡಿದ್ದ, ರಾಜ್ಯದ ಸುಮಾರು ಹತ್ತನೇ ಒಂದು ಪಾಲು ಭೂಮಿ ಸರ್ಫ್-ಎ-ಖಾಸ್ ಅಂತ ಅವನ ಖಾಸಗಿ ಆಸ್ತಿ, ಅದರ ಮ್ಯಾಲ ಮೂರನೇ ಒಂದು ಪಾಲಿನಷ್ಟು ಜಾಗೀರ, ಅಂದ್ರ ಸರದಾರರಿಗೆ ಬಿಟ್ಟುಕೊಟ್ಟ ಭೂಮಿ. ಮಂದಿ ಮಾತಾಡೋದು ಕನ್ನಡ, ಮರಾಠಿ, ತೆಲುಗು, ಕಚೇರಿ ನಡಿಯೋದು ಉರ್ದುದಾಗ. ಕಡೀಕ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ, ಬಸವಕಲ್ಯಾಣ ತಾಲೂಕಿನ ಗೋರಟಾದಾಗ 1948ರ ಮೇ ತಿಂಗಳದಾಗ ಆದ ಕಗ್ಗೊಲೆ, ಆಮ್ಯಾಲ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಬಂದು 17ಕ್ಕ ನಿಜಾಮ ಶರಣಾದ. ಆಮ್ಯಾಲ ಆಗಿದ್ದನ್ನೂ ಹೇಳ್ಬೇಕು, ಆ ವಾರಗಳಾಗ ಹೈದರಾಬಾದ್ ರಾಜ್ಯದ ತುಂಬ ಸಾವಿರಾರು ಮುಸ್ಲಿಮರ ಕೊಲೆ ಆದ್ವು, ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಕನಿಷ್ಠ 27ರಿಂದ 40 ಸಾವಿರ ಅಂತ ಅಂದಾಜು ಮಾಡ್ತು, ಭಾಳ ಪೆಟ್ಟು ತಿಂದ ಜಿಲ್ಲಾಗಳಾಗ ಗುಲಬರ್ಗಾ, ಬೀದರ ಎರಡೂ ಇದ್ವು.

ಇಷ್ಟೆಲ್ಲ ಆಗಿ ಮೂರೂವರಿ ವರ್ಷದೊಳಗ, ಅಂದ್ರ 1952ರ ಹೊತ್ತಿಗೆ, ಇದೇ ಮಂದಿ ಸಾಲಾಗಿ ನಿಂತು ಓಟು ಹಾಕಿದ್ರು. ಗುಲಬರ್ಗಾದಿಂದ ಲೋಕಸಭೆಗೆ ಆರಿಸಿ ಹೋದವರು ನಿಜಾಮನ ವಿರುದ್ಧ ಹೋರಾಡಿ ಜೈಲು ಕಂಡ ಸ್ವಾಮಿ ರಮಾನಂದ ತೀರ್ಥರು. ಗೌಡಗೂ ಒಂದೇ ಓಟು, ಗೌಡನ ಹೊಲದಾಗ ದುಡಿಯೋ ಹೆಣ್ಣಮಗಳಿಗೂ ಒಂದೇ ಓಟು. ಇಡೀ ದೇಶದಾಗ ಓದು ಬರಹ ಬಲ್ಲವರು 1951ರ ಜನಗಣತಿ ಪ್ರಕಾರ ನೂರಕ್ಕ 18 ಮಂದಿ. ಆವಾಗಿನ ಯಾವ ಪಂಡಿತನ್ನ ಕೇಳಿದ್ರೂ ಇದು ನಡಿಯಂಗಿಲ್ಲ ಅಂತಿದ್ದ.

ಯಾಕ ಹಂಗಂತಿದ್ರು ಅಂದ್ರ, 1959ರಾಗ ಅಮೆರಿಕಾದ ಸೆಮೂರ್ ಮಾರ್ಟಿನ್ ಲಿಪ್ಸೆಟ್ ಅನ್ನೋರು ಒಂದು ಲೇಖನ ಬರದ್ರು, ಇವತ್ತಿಗೂ ಎಲ್ಲಾರೂ ಅಲ್ಲಿಂದೇ ಶುರು ಮಾಡ್ತಾರ. ದೇಶಗಳ ಆದಾಯ, ಕಾರ್ಖಾನಿ, ಶಾಲಿ, ಪಟ್ಟಣ ಎಲ್ಲಾ ಲೆಕ್ಕ ಹಾಕಿ ಅವರು ಹೇಳಿದ್ದು ಏನಂದ್ರ ದೇಶ ಎಷ್ಟು ಅನುಕೂಲ ಇರ್ತದೋ ಅಷ್ಟು ಡೆಮಾಕ್ರಸಿ ನಿಲ್ಲೋ ಸಾಧ್ಯತೆ ಜಾಸ್ತಿ. ಹೊಟ್ಟಿಗೆ ಚಿಂತಿ ಇಲ್ಲದ, ನಾಕು ಅಕ್ಷರ ಕಲ್ತ, ಸಂಘ-ಸಂಸ್ಥಾ ಕಟ್ಟಿಕೊಂಡ ಮಧ್ಯಮ ವರ್ಗ ಬೆಳದ್ರ ರಾಜಕೀಯ ಮೆತ್ತಗ ಆಗ್ತದ, ಸೋತ್ರೂ ಜೀವ ಹೋಗಂಗಿಲ್ಲ ಅನ್ನೋ ಧೈರ್ಯ ಇರ್ತದ ಅನ್ನೋದು ವಾದದ ತಿರುಳು. ಇದಕ್ಕ ಮಾಡರ್ನೈಸೇಶನ್ ಸಿದ್ಧಾಂತ ಅಂತಾರ. ಕೇಳಾಕ ಖರೇ ಅನಸ್ತದ, ಲೆಕ್ಕನೂ ಬಹಳಷ್ಟು ಮಟ್ಟಿಗೆ ಹೊಂದ್ತದ. ಆದ್ರ ಸಿಂಗಾಪುರ ನೋಡ್ರಿ, ಅಷ್ಟು ಶ್ರೀಮಂತ ಆದ್ರೂ 1959ರಿಂದ ಒಂದೇ ಪಕ್ಷ ಆಳ್ಯಾಕತ್ತದ. ಸೌದಿ ಅರೇಬಿಯಾ ನೋಡ್ರಿ, ಎಣ್ಣಿ ರೊಕ್ಕ ಇದ್ದಲ್ಲಿ ರಾಜ ಮಂದಿ ಪಗಾರದ ಮ್ಯಾಲ ಟ್ಯಾಕ್ಸ್ ಕೇಳೋ ಹಂಗೇ ಇಲ್ಲ, ಮಂದಿನೂ ಲೆಕ್ಕ ಕೇಳಾಕ ಹೋಗಂಗಿಲ್ಲ, ಈ ಮಾತನ್ನ ಮೈಕಲ್ ರಾಸ್ ಅನ್ನೋರು 2001ರಾಗ ಅಂಕಿ ಸಂಖ್ಯಾ ಇಟ್ಟು ತೋರಿಸ್ಯಾರ. ಇನ್ನೊಂದು ಕಡಿ ಭಾರತ, ಬಡತನ ತುಂಬಿ ತುಳುಕುವಾಗೇ ಓಟು ಹಾಕ್ತು.

ಬ್ಯಾರಿಂಗ್ಟನ್ ಮೂರ್ ಅನ್ನೋ ಪಂಡಿತ 1966ರಾಗ ಬ್ಯಾರೆ ದಾರಿ ಹಿಡದ. ಆದಾಯ ಬಿಡ್ರಿ, ಭೂಮಿ ಯಾರ ಕೈಯಾಗ ಅದ ಅದನ್ನ ನೋಡ್ರಿ ಅಂದ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಜಪಾನ್, ರಷ್ಯಾ, ಚೀನಾ, ಭಾರತ ಎಲ್ಲಾ ಕೂಡಿಸಿ ನೋಡಿ, ಜಬರದಸ್ತಿ ಕೂಲಿ ಮ್ಯಾಲ ನಡಿಯೋ ದೊಡ್ಡ ಜಮೀನ್ದಾರಿ ಎಲ್ಲಿ ಗಟ್ಟಿ ಉಳೀತದೋ ಅಲ್ಲಿ ಡೆಮಾಕ್ರಸಿ ಬೇರು ಬಿಡೋದು ಕಷ್ಟ, ಸರ್ವಾಧಿಕಾರ ಇಲ್ಲಾ ರೈತರ ಕ್ರಾಂತಿ ಬರ್ತದ ಅಂತ ಅವನ ವಾದ, ಪಟ್ಟಣದ ವ್ಯಾಪಾರಿ ವರ್ಗ ಇಲ್ಲದ ಕಡಿ ಡೆಮಾಕ್ರಸಿನೇ ಇಲ್ಲ ಅಂತ ಒಂದು ಸಾಲಿನಾಗ ಹೇಳಿಬಿಟ್ಟ. ನನಗ ಈ ಸಿದ್ಧಾಂತ ಓದಿದಾಗೆಲ್ಲ ನಮ್ಮದೇ ಹೈದರಾಬಾದ್ ರಾಜ್ಯ ನೆನಪಾಗ್ತದ. ಒಂದೇ ನಿಜಾಮ, ಒಂದೇ ಆಡಳಿತ, ಆದ್ರ ಪೂರ್ವಕ್ಕ ತೆಲಂಗಾಣದಾಗ ದೇಶಮುಖರು ಅನ್ನೋ ದೊಡ್ಡ ಜಮೀನ್ದಾರರ ದಬ್ಬಾಳಿಕಿ ತಾಳಲಾರದ ರೈತರು 1946ರಿಂದ 51ರ ತನಕ ಕಮ್ಯುನಿಸ್ಟರ ಜೋಡಿ ಬಂದೂಕು ಹಿಡದ್ರು. ನಮ್ಮ ಕಡಿ ಅಷ್ಟು ದೊಡ್ಡ ರೈತ ದಂಗೆ ಆಗಲಿಲ್ಲ. ಆದ್ರ ಆ ದಂಗೆದ ಬಿಸಿ ದಿಲ್ಲಿಗೂ ತಟ್ಟಿತ್ತು, 1949ರಾಗ ಜಾಗೀರ ರದ್ದಾತು, 1950ಕ್ಕ ಗೇಣಿದಾರರ ಕಾಯ್ದಾ ಬಂತು, ಆಮ್ಯಾಲ 1974ರಾಗ ದೇವರಾಜ ಅರಸರ ಭೂ ಸುಧಾರಣಾ ತಿದ್ದುಪಡಿ. ಎಲ್ಲಾ ಭೂಮಿ ಉಳುವವನಿಗೇ ಹೋಗಿಲ್ಲ, ಊರಿನಾಗ ಇವತ್ತಿಗೂ ಯಾರ ಮನಿ ದೊಡ್ಡದು ಅಂತ ಎಲ್ಲಾರಿಗೂ ಗೊತ್ತದ. ಆದ್ರ ಗೇಣಿ ಹೊಲದ ಅಂಜಿಕಿ ಇದ್ದಾಗ ಹಾಕೋ ಓಟು ಬ್ಯಾರೆ, ಅದು ಕಮ್ಮಿ ಆದ ಮ್ಯಾಲ ಹಾಕೋ ಓಟು ಬ್ಯಾರೆ. ಓಟಿನ ಹಕ್ಕು ಸಂವಿಧಾನ ಕೊಟ್ಟಿದ್ದು ಖರೇ, ಅದನ್ನ ತನ್ನ ಮನಸ್ಸಿನಂಗ ಹಾಕೋ ಶಕ್ತಿ ಬಂದಿದ್ದು ಭೂಮಿ ಕಾಯ್ದಾದಿಂದ, ಹಾಸ್ಟೆಲ್‌ದಿಂದ, ಮೀಸಲಾತಿಯಿಂದ. ನಮ್ಮಲ್ಲಿ ರಾಜಕೀಯ ಮಾತಾಡೋರು ಈ ಭೂಮಿ ಸಂಗತಿ ಕಡಿ ಭಾಳ ಕಮ್ಮಿ ನೋಡ್ತಾರ, ಅದು ತಪ್ಪು.

ಇನ್ನೊಬ್ಬರು ಡಾಂಕ್ವಾರ್ಟ್ ರಸ್ಟೋ, 1970ರಾಗ ಬರದವರು. ಸ್ವೀಡನ್, ಟರ್ಕಿ ಎರಡು ದೇಶದ ಕಥಿ ಹಿಡಕೊಂಡು ಅವರು ಹೇಳಿದ್ರು, ಡೆಮಾಕ್ರಸಿಗೆ ರೊಕ್ಕ ಮೊದಲು ಬೇಕಂತೇನಿಲ್ಲ, ಶಾಲಿ ಮೊದಲು ಬೇಕಂತೇನಿಲ್ಲ, ಮೊದಲು ಬೇಕಾಗಿದ್ದು ಒಂದೇ, ನಾವೆಲ್ಲ ಒಂದೇ ದೇಶದವರು ಅನ್ನೋದರ ಬಗ್ಗಿ ಬಹುಪಾಲು ಮಂದಿಗೆ ಡೌಟ್ ಇರಬಾರದು. ಅದಾದ ಮ್ಯಾಲ ವರ್ಷಗಟ್ಟಲೆ ಜಗಳ, ಜಗಳ ಯಾರೂ ಪೂರ್ತಿ ಗೆಲ್ಲಂಗಿಲ್ಲ ಅಂತ ತಿಳದಾಗ ಒಂದು ಒಪ್ಪಂದ, ಆ ಒಪ್ಪಂದ ನಿಧಾನಕ್ಕ ರೂಢಿ ಆಗೋದು. ಅಂದ್ರ ಒಳ್ಳೇ ಮಂದಿ ಸೇರಿ ಡೆಮಾಕ್ರಸಿ ಮಾಡ್ತಾರ ಅಂತಲ್ಲ, ಜಗಳಾಡಿ ದಣಿದ ಮಂದಿ ಮಾಡ್ತಾರ ಅಂತ ರಸ್ಟೋ ಮಾತಿನ ಅರ್ಥ. ನಮ್ಮ ಕಡೆ ಈ ಸಿದ್ಧಾಂತ ಇಟ್ಟು ನೋಡಿದ್ರ ಒಂದು ಕಷ್ಟದ ಸಂಗತಿ ಎದುರಾಗ್ತದ. ಯಾವ ದೇಶದವರು ಅನ್ನೋ ಪ್ರಶ್ನಿ ಇಲ್ಲಿ ಮಾತುಕತಿಯಿಂದ ಬಗೆಹರಿಲಿಲ್ಲ, ಐದು ದಿನದ ಸೈನ್ಯದ ಕಾರ್ಯಾಚರಣೆಯಿಂದ ಬಗೆಹರೀತು. ಅದಕ್ಕೇ ಸೆಪ್ಟೆಂಬರ್ 17ರ ನೆನಪು ನಮ್ಮ ಭಾಗದಾಗ ಎಲ್ಲಾ ಮನಿಯೊಳಗ ಒಂದೇ ಥರ ಇಲ್ಲ, ಒಬ್ಬರಿಗೆ ಅದು ಬಿಡುಗಡಿ, ಇನ್ನೊಬ್ಬರ ಅಜ್ಜನ ಮನಿಯೊಳಗ ಅದು ಅಳೋ ದಿನ. ಹಿಂಗಿದ್ರೂ ಇಬ್ಬರೂ ಒಂದೇ ಪೋಲಿಂಗ್ ಬೂತಿಗೆ ಹೋಗಿ ಎಪ್ಪತ್ತು ವರ್ಷದಿಂದ ಓಟು ಹಾಕ್ಯಾಕತ್ತಾರ, ರಸ್ಟೋ ಹೇಳಿದ ರೂಢಿ ಅಂದ್ರ ಇದೇ.

ರೂಢಿ ಹೆಂಗ ಶುರುವಾತು ಅನ್ನೋದಕ್ಕ ಇಸ್ರೇಲಿನ ಇತಿಹಾಸಕಾರ್ತಿ ಓರ್ನಿಟ್ ಶಾನಿ ಅವರ ಸಂಶೋಧನಾ ಭಾಳ ಚಂದ ಅದ. ಸಂವಿಧಾನ ಇನ್ನೂ ಬರದು ಮುಗಿಯೋದರೊಳಗೇ, 1947ರ ಕಡೀಂದ, ಸರ್ಕಾರಿ ಗುಮಾಸ್ತರು ಊರೂರು ತಿರುಗಿ 21 ದಾಟಿದ ಎಲ್ಲಾರ ಹೆಸರು ಪಟ್ಟಿ ಮಾಡ್ಲಿಕ್ಕೆ ಹತ್ತಿದ್ರು, ಕಡೀಕ ಪಟ್ಟಿದಾಗ 17 ಕೋಟಿಗೂ ಮಿಕ್ಕಿ ಮಂದಿ. ದಿಲ್ಲಿಯಿಂದ ದೊಡ್ಡವರು ಭಾಷಣ ಮಾಡಿ ಡೆಮಾಕ್ರಸಿ ತಂದ್ರು ಅಂತ ನಾವು ಅನ್ಕೋತೀವಿ, ಆದ್ರ ನಿನ್ನ ಹೆಸರೇನು, ನಿನ್ನ ಮನಿ ಯಾವುದು ಅಂತ ಬಡವನ್ನ ಮೊದಲನೇ ಸಲ ಸರ್ಕಾರ ಹುಡುಕಿಕೊಂಡು ಬಂದು ಕೇಳಿದ್ದೇ ದೊಡ್ಡ ಪಲ್ಲಟ ಅಂತ ಅವರ ವಾದ. ಆವಾಗ ಸುಮಾರು 28 ಲಕ್ಷ ಹೆಣ್ಣಮಕ್ಕಳು, ಬಹುತೇಕ ಉತ್ತರ ಭಾರತದವರು, ತಮ್ಮ ಹೆಸರು ಹೇಳದೆ ಇಂಥವರ ಹೆಂಡ್ತಿ, ಇಂಥವರ ತಾಯಿ ಅಂತ ಬರಸಿದ್ದಕ್ಕ ಪಟ್ಟಿಯಿಂದ ಬಿಟ್ಟು ಹೋದ್ರು. ಮುಂದಿನ ಸಲ ಹೆಸರು ಹೇಳಿ ಬರಸ್ರಿ ಅಂತ ಚುನಾವಣಾ ಆಯೋಗ ಗಟ್ಟಿ ನಿಂತಿತ್ತು. ಇದು ಸಣ್ಣ ಸಂಗತಿ ಅಂತ ನನಗನಸಂಗಿಲ್ಲ.

ಈಗ ಜಗತ್ತಿನ ಕಡಿ ಬರೋಣು. 1974ರ ಏಪ್ರಿಲ್ 25ಕ್ಕ ಪೋರ್ಚುಗಲ್ಲಿನಾಗ ಸೈನ್ಯದ ಸಣ್ಣ ಅಧಿಕಾರಿಗಳೇ ಸರ್ವಾಧಿಕಾರ ಕಿತ್ತು ಒಗದ್ರು, ಮಂದಿ ಸೈನಿಕರ ಬಂದೂಕಿನಾಗ ಹೂವು ಸಿಗಿಸಿದ್ರು. ಆಮ್ಯಾಲ ಗ್ರೀಸ್, ಸ್ಪೇನ್, ಬ್ರೆಜಿಲ್, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ, ಪೋಲೆಂಡ್ ಹಿಂಗ 1990ರ ತನಕ ಮೂವತ್ತು ದೇಶ. ಸ್ಯಾಮ್ಯುವೆಲ್ ಹಂಟಿಂಗ್ಟನ್ ಇದಕ್ಕ ಮೂರನೇ ಅಲೆ ಅಂತ ಹೆಸರಿಟ್ರು, ಪ್ರತಿ ಅಲೆ ಆದ ಮ್ಯಾಲ ಹಿಂದಕ್ಕ ಎಳಿಯೋ ಅಲೆನೂ ಬರ್ತದ ಅಂತ ಅವರೇ ಎಚ್ಚರಿಸಿದ್ರು. ಈ ಎರಡನೇ ಮಾತು ಮಂದಿ ಲಗೂನ ಮರ್ತರು.

ಈ ದೇಶಗಳು ಹೆಂಗ ಬದಲಾದ್ವು ಅಂತ ನೋಡಿದ ಗಿಯೆರ್ಮೊ ಓ'ಡೊನೆಲ್, ಫಿಲಿಪ್ ಶ್ಮಿಟರ್ ಇಬ್ಬರೂ 1986ರಾಗ ಹೇಳಿದ್ದು, ಬೀದಿಗಿಂತ ಮೊದಲು ಅರಮನಿ ಒಳಗ ನೋಡ್ರಿ ಅಂತ. ಆಳೋರ ಒಳಗೇ ಗಟ್ಟಿಗರು, ಮೆತ್ತನವರು ಅಂತ ಎರಡು ಗುಂಪಾಗಿ ಬಿರುಕು ಬಿಡದ ಹೊರತು ಬದಲಾವಣೆ ಶುರು ಆಗಂಗಿಲ್ಲ. ಸ್ಪೇನಿನಾಗ ಸರ್ವಾಧಿಕಾರಿ ಫ್ರಾಂಕೊ 1975ರಾಗ ಸತ್ತ ಮ್ಯಾಲ ಅವನ ವ್ಯವಸ್ಥಾದೊಳಗೇ ಬೆಳದ ಅಡೋಲ್ಫೊ ಸ್ವಾರೆಸ್ ವಿರೋಧಿಗಳ ಜೋಡಿ ಕುಂತು ಒಪ್ಪಂದ ಮಾಡಿಕೊಂಡ, 1978ಕ್ಕ ಹೊಸ ಸಂವಿಧಾನ ಬಂತು. ಪೋಲೆಂಡ್‌ದಾಗ 1989ರಾಗ ಕಮ್ಯುನಿಸ್ಟ್ ಸರ್ಕಾರ, ಸಾಲಿಡಾರಿಟಿ ಕಾರ್ಮಿಕ ಸಂಘ ಎರಡೂ ದುಂಡು ಮೇಜಿನ ಸುತ್ತ ಕುಂತ್ರು. ಆದ್ರ ಎಲ್ಲಾ ದೊಡ್ಡವರೇ ಮಾಡಿದ್ರು ಅನ್ನೋದು ನನಗ ಅರ್ಧ ಸತ್ಯ ಅನಸ್ತದ, ಪೋಲೆಂಡಿನ ಕಾರ್ಮಿಕರು ಹತ್ತು ವರ್ಷ ಬಡಿಸಿಕೊಂಡು ಜೈಲು ಸೇರದೇ ಇದ್ರ ಆ ಮೇಜು ಯಾರು ಹಾಕ್ತಿದ್ರು? ಇದಕ್ಕ ಎರಿಕಾ ಚೆನೊವೆತ್, ಮರಿಯಾ ಸ್ಟೀಫನ್ 2011ರಾಗ ಲೆಕ್ಕ ಕೊಟ್ಟಾರ. 1900ರಿಂದ 2006ರ ತನಕ 323 ಹೋರಾಟ ನೋಡಿದ್ರ, ಶಾಂತಿಯುತ ಹೋರಾಟ ನೂರಕ್ಕ 53 ಸಲ ಗೆದ್ದದ, ಆಯುಧ ಹಿಡಿದಿದ್ದು ಬರೇ 26. ಯಾಕಂದ್ರ ಶಾಂತಿಯುತ ಹೋರಾಟದಾಗ ಮುದುಕರು, ಹೆಣ್ಣಮಕ್ಕಳು, ನೌಕರದಾರರು ಎಲ್ಲಾ ಬರ್ತಾರ, ಪೊಲೀಸಪ್ಪನ ಅಣ್ಣತಮ್ಮನೂ ಆ ಗುಂಪಿನಾಗೇ ಇರ್ತಾನ, ಅವನ ಲಾಠಿ ಏಳಂಗಿಲ್ಲ. ಜನಸಂಖ್ಯಾದ ನೂರಕ್ಕ ಮೂರೂವರಿ ಪಾಲು ಒಮ್ಮಿಗೇ ಬೀದಿಗಿಳದ್ರ ಯಾವ ಸರ್ಕಾರನೂ ತಡಕೊಂಡಿದ್ದು ಭಾಳ ಅಪರೂಪ ಅಂತನೂ ಚೆನೊವೆತ್ ಹೇಳ್ಯಾರ. 2011ರ ಜನಗಣತಿಯ ಕಲಬುರಗಿ ಜಿಲ್ಲಾಕ್ಕ ಈ ಲೆಕ್ಕ ಹಚ್ಚಿದ್ರ 25 ಲಕ್ಷ 66 ಸಾವಿರದಾಗ ಸುಮಾರು 90 ಸಾವಿರ ಮಂದಿ.

ಅರಮನಿ ಒಳಗಿನ ಬಿರುಕು, ಬೀದಿಯ ಮಂದಿ, ಎರಡೂ ಸೇರಿದಾಗ ಸರ್ಕಾರ ಬೀಳ್ತದ. ಈಜಿಪ್ಟಿನಾಗ 2011ರ ಫೆಬ್ರುವರಿ 11ಕ್ಕ ಅಧ್ಯಕ್ಷ ಮುಬಾರಕ್ ಖುರ್ಚಿ ಬಿಟ್ಟು ಹೋಗಿದ್ದು ಹಂಗೇ, ಢಾಕಾದಾಗ ಕಡೇ ದಿನ ಸೈನ್ಯ ಹಸೀನಾ ಬೆನ್ನಿಗೆ ನಿಲ್ಲದೇ ಇದ್ದಾಗ ಆಗಿದ್ದೂ ಹಂಗೇ. ಆದ್ರ ಬೀಳೋದು, ಡೆಮಾಕ್ರಸಿ ಬರೋದು ಒಂದೇ ಏನು? ಈಜಿಪ್ಟಿನಾಗ 2012ಕ್ಕ ಮೊರ್ಸಿ ಅಧ್ಯಕ್ಷನಾಗಿ ಆರಿಸಿ ಬಂದ, 2013ರ ಜುಲೈ 3ಕ್ಕ ಅದೇ ಸೈನ್ಯ ಅವನ್ನ ಕೆಳಗಿಳಿಸ್ತು. ಟ್ಯುನೀಷಿಯಾ ಒಂದು ಉಳೀತು ಅಂತ ಎಲ್ಲಾರೂ ಖುಷಿ ಪಟ್ರು, 2014ರಾಗ ಚಂದ ಸಂವಿಧಾನ ಮಾಡಿಕೊಂಡ್ರು, 2021ರ ಜುಲೈದಾಗ ಆರಿಸಿ ಬಂದ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತಿಗೇ ಬೀಗ ಹಾಕಿಸಿದ. ಥಾಮಸ್ ಕರೋದರ್ಸ್ 2002ರಾಗೇ ಹೇಳಿದ್ರು, ಸರ್ವಾಧಿಕಾರಿ ಬಿದ್ದ ದೇಶ ಎಲ್ಲಾ ಡೆಮಾಕ್ರಸಿ ಕಡೀಗೇ ಹೊಂಟದ ಅಂತ ತಿಳಕೊಳ್ಳೋದು ಬಿಡ್ರಿ, ಬಹಳಷ್ಟು ದೇಶ ನಡುವೇ ನಿಂತು ಅಲ್ಲೇ ಮನಿ ಕಟ್ಟಿಕೊಂಡಾವ ಅಂತ.

ಇಲ್ಲಿಗೆ ಈ ಇಡೀ ವಾದದಾಗ ನನಗ ಅತ್ಯಂತ ಮುಖ್ಯ ಅನಿಸಿದ ಸಂಶೋಧನಾಕ್ಕ ಬಂದೆ. ಆಡಂ ಪ್ರಜೆವೊರ್ಸ್ಕಿ, ಫೆರ್ನಾಂಡೊ ಲಿಮೊಂಜಿ 1997ರಾಗ ಲಿಪ್ಸೆಟ್ ಪ್ರಶ್ನಿಯನ್ನೇ ಎರಡು ತುಂಡು ಮಾಡಿದ್ರು. ಶ್ರೀಮಂತ ದೇಶದಾಗ ಡೆಮಾಕ್ರಸಿ ಜಾಸ್ತಿ ಅದಾವ ಅನ್ನೋದು ಖರೇ, ಆದ್ರ ಅದು ಶ್ರೀಮಂತಿಕಿಯಿಂದ ಹುಟ್ಟಿತೋ, ಯಾವ್ಯಾವುದೋ ಕಾರಣಕ್ಕ ಹುಟ್ಟಿ ಶ್ರೀಮಂತಿಕಿಯಿಂದ ಬದುಕಿತೋ? ನಮ್ಮ ತೊಗರಿ ಬೆಳದ ರೈತಗ ಇದು ಲಗೂನ ತಿಳೀತದ, ಬೀಜ ಮೊಳಕಿ ಒಡಿಯೋ ಕಾರಣ ಬ್ಯಾರೆ, ಹೂವು ಕಾಯಿ ಹೊತ್ತಿಗೆ ನೆಟೆ ರೋಗ ತಡಕೊಂಡು ನಿಲ್ಲೋ ಕಾರಣ ಬ್ಯಾರೆ. ಅವರ ಲೆಕ್ಕದಾಗ ಡೆಮಾಕ್ರಸಿ ಯಾವ ಆದಾಯದ ಮಟ್ಟದಾಗಾದ್ರೂ ಹುಟ್ಟಬಹುದು. ಆದ್ರ ತಲಾ ಆದಾಯ 1985ರ ಡಾಲರ್ ಲೆಕ್ಕದಾಗ ಸಾವಿರಕ್ಕಿಂತ ಕಮ್ಮಿ ಇದ್ದಲ್ಲಿ ಅದರ ಸರಾಸರಿ ಆಯುಷ್ಯ ಸುಮಾರು 8 ವರ್ಷ ಅಷ್ಟೇ, 6,055 ಡಾಲರ್ ದಾಟಿದ ಯಾವ ದೇಶದಾಗೂ ಅಲ್ಲಿ ತನಕ ಡೆಮಾಕ್ರಸಿ ಸತ್ತಿದ್ದಿಲ್ಲ. ಆ 6,055 ಅಂದ್ರ 1976ರಾಗ ಸೈನ್ಯ ಬಂದು ಕುಂತ ಅರ್ಜೆಂಟೀನಾದ ಆದಾಯ. ಇದಕ್ಕ ವಿರೋಧನೂ ಅದ, ಕಾರ್ಲೆಸ್ ಬೋಯಿಶ್, ಸೂಸನ್ ಸ್ಟೋಕ್ಸ್ 2003ರಾಗ 1950ಕ್ಕಿಂತ ಹಿಂದಿನ ಇತಿಹಾಸನೂ ಕೂಡಿಸಿದ್ರ ಶ್ರೀಮಂತಿಕಿಗೆ ಹುಟ್ಟಿಸೋ ಶಕ್ತಿನೂ ಅದ ಅಂದ್ರು. ಮುಂದ 2024ರ ನೊಬೆಲ್ ಪಡೆದ ಅಸೆಮೊಗ್ಲು, ಜಾನ್ಸನ್, ರಾಬಿನ್ಸನ್ ತಂಡ 2008ರಾಗ ಇಲ್ಲ, ಆದಾಯದಿಂದೇ ಡೆಮಾಕ್ರಸಿ ಅನ್ನೋದು ಕಾಣಂಗಿಲ್ಲ, ಹಳೇ ಇತಿಹಾಸ ಎರಡನ್ನೂ ಒಟ್ಟಿಗೆ ಎಳಕೊಂಡು ಹೋಗ್ತದ ಅಂದ್ರು. ವಾದ ಮುಗಿದಿಲ್ಲ.

ಈ ಎಲ್ಲಾ ಲೆಕ್ಕದಾಗೂ ಭಾರತ ಹೊಂದಂಗಿಲ್ಲ, ಅಷ್ಟು ಬಡತನದಾಗ ಇಷ್ಟು ವರ್ಷ ಉಳಿಬಾರದಿತ್ತು. ಯಾಕ ಉಳೀತು ಅನ್ನೋದಕ್ಕ ಪ್ರಜೆವೊರ್ಸ್ಕಿಯದೇ ಇನ್ನೊಂದು ಮಾತು ಕೆಲಸಕ್ಕ ಬರ್ತದ, ಡೆಮಾಕ್ರಸಿ ಅಂದ್ರ ಪಕ್ಷಗಳು ಚುನಾವಣಾ ಸೋಲೋ ವ್ಯವಸ್ಥಾ. ಗೆಲ್ಲೋದು ದೊಡ್ಡದಲ್ಲ, ಗೆದ್ದವ ಎಲ್ಲಾ ಕಡಿ ಇರ್ತಾನ, ಸೋತವ ಮನಿಗೆ ಹೋಗ್ತಾನಾ ಅನ್ನೋದು ಪರೀಕ್ಷಾ. 1975ರ ಜೂನ್ 25ಕ್ಕ ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿ 1977ರಾಗ ಚುನಾವಣಾ ಮಾಡಿ ಸೋತು ಖುರ್ಚಿ ಬಿಟ್ರು. ಮರುವರ್ಷ ಚಿಕ್ಕಮಗಳೂರು ಉಪಚುನಾವಣಾದಾಗ ಅವರ ಎದುರು ನಿಂತಿದ್ದು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು, ಅಲ್ಲಿ ಪಾಟೀಲರು ಸೋತ್ರು, ಆಮ್ಯಾಲ ಕಾಂಗ್ರೆಸ್ಸಿಗೇ ಹೋಗಿ 1989ರಾಗ ಮುಖ್ಯಮಂತ್ರಿ ಆದ್ರು. 1972ರಿಂದ ಒಂದು ಚುನಾವಣಾನೂ ಸೋಲದ ಮಲ್ಲಿಕಾರ್ಜುನ ಖರ್ಗೆ ಅವರು 2019ರಾಗ ಕಲಬುರಗಿ ಲೋಕಸಭಾದಾಗ ಉಮೇಶ ಜಾಧವರ ಎದುರು ಸೋತ್ರು, 2024ರಾಗ ಜಾಧವರು ರಾಧಾಕೃಷ್ಣ ದೊಡ್ಡಮನಿ ಅವರ ಎದುರು ಸೋತ್ರು. ಯಾರು ಬಂದ್ರ ಚಲೋ ಅನ್ನೋದು ಬ್ಯಾರೆ ಜಗಳ. ಎರಡೂ ಸಲ ಮರುದಿನ ನಮ್ಮ ಊರಿನ ಸೂಪರ್ ಮಾರ್ಕೆಟ್ ಬಜಾರದಾಗ ಅಂಗಡಿ ತಗದಿದ್ವು. ಹಂಟಿಂಗ್ಟನ್ ಎರಡು ಸಲ ಅಧಿಕಾರ ಕೈ ಬದಲಾದ್ರ ಮಾತ್ರ ಡೆಮಾಕ್ರಸಿ ಗಟ್ಟಿ ಅಂತ ಒಂದು ಅಳತಿ ಇಟ್ಟಿದ್ರು, ಢಾಕಾ, ಕಠ್ಮಂಡು ಬಗ್ಗಿ ತೀರ್ಪು ಕೊಡೋರು ಇದನ್ನ ನೆನಪಿಡ್ಬೇಕು, ಮೊದಲನೇ ಚುನಾವಣಾ ಗೆದ್ದವ ಎರಡನೇದು ಸೋತಾಗ ಏನು ಮಾಡ್ತಾನ ಅಲ್ಲಿ ಕಾಣ್ತದ.

ಹಳೇ ಕಾಲದಾಗ ಡೆಮಾಕ್ರಸಿ ಸಾಯ್ತಿದ್ದು ಸೈನ್ಯದ ಟ್ಯಾಂಕಿನಿಂದ, ಇವತ್ತಿಗೂ ಮಾಲಿ, ಬುರ್ಕಿನಾ ಫಾಸೊ, ನೈಜರ್ ಕಡಿ ಹಂಗೇ ಆಗ್ಯಾದ. ಆದ್ರ ನ್ಯಾನ್ಸಿ ಬರ್ಮಿಯೊ 2016ರಾಗ ತೋರಿಸಿದ್ದು, ಈಗ ಜಾಸ್ತಿ ನಡಿಯೋದು ಆರಿಸಿ ಬಂದವರೇ ಒಂದೊಂದು ಕಾಯ್ದಾ ತಿದ್ದಿ, ಕೋರ್ಟು, ಪತ್ರಿಕಾ, ಚುನಾವಣಾ ಆಯೋಗ ಒಂದೊಂದಾಗಿ ತಮ್ಮ ಕೈಗೆ ತಗೊಳ್ಳೋದು. ಹಂಗರಿಯ ವಿಕ್ಟರ್ ಓರ್ಬಾನ್ 2010ರಾಗ ಸುಮಾರು ಅರ್ಧದಷ್ಟು ಓಟಿನಿಂದ ಮೂರನೇ ಎರಡು ಪಾಲು ಸೀಟು ತಗೊಂಡು, ಹೊಸ ಸಂವಿಧಾನನೇ ಬರದ. ಲೆವಿಟ್‌ಸ್ಕಿ, ವೇ ಇದಕ್ಕ ಪೈಪೋಟಿ ಇರೋ ಸರ್ವಾಧಿಕಾರ ಅಂತ ಹೆಸರಿಟ್ಟಾರ, ಚುನಾವಣಾ ನಡೀತದ, ವಿರೋಧ ಪಕ್ಷ ಇರ್ತದ, ಆದ್ರ ಮೈದಾನ ಒಂದೇ ಕಡಿ ವಾಲಿರ್ತದ. ದಕ್ಷಿಣ ಕೊರಿಯಾದಾಗ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಮಿಲಿಟರಿ ಕಾನೂನು ಹೇರಿದಾಗ ಸಂಸದರು ಗೋಡಿ ಹಾರಿ ಒಳಗ ಹೋಗಿ 190 ಓಟಿನಿಂದ ಕೆಲವೇ ತಾಸಿನಾಗ ಅದನ್ನ ತಗಸಿದ್ರು. 1987ರಾಗ ಬೀದಿಗಿಳದು ಡೆಮಾಕ್ರಸಿ ತಂದ ಮಂದಿ ಇನ್ನೂ ಬದುಕಿದ್ರು, ಅವರಿಗೆ ಎಲ್ಲಾ ನೆನಪಿತ್ತು.

ಭಾರತದ ಬಗ್ಗಿ ದೇಶಗಳ ಡೆಮಾಕ್ರಸಿಗೆ ಅಂಕ ಕೊಡೋ ಸ್ವೀಡನ್ನಿನ ವಿ-ಡೆಮ್ ಸಂಸ್ಥಾ 2021ರಾಗ ಚುನಾವಣೆ ಇರೋ ನಿರಂಕುಶ ವ್ಯವಸ್ಥಾ ಅಂದಿತು, ಅಮೆರಿಕಾದ ಫ್ರೀಡಂ ಹೌಸ್ ಅದೇ ವರ್ಷ ಅರ್ಧ ಸ್ವತಂತ್ರ ಅಂದಿತು, ಸರ್ಕಾರ ಒಪ್ಪಲಿಲ್ಲ. ಪಂಡಿತರೊಳಗೂ ಒಮ್ಮತ ಇಲ್ಲ, ಪರಿಣಿತರ ಅಭಿಪ್ರಾಯದ ಮ್ಯಾಲ ಅಂಕ ಕೊಡೋದು ಸರಿ ಏನು ಅಂತ ಆಂಡ್ರ್ಯೂ ಲಿಟಲ್, ಆ್ಯನ್ ಮೆಂಗ್ ಅಂಥವರು ಗಂಭೀರ ಪ್ರಶ್ನಿ ಎತ್ಯಾರ. ನನ್ನ ಮಾತು ಕೇಳಿದ್ರ, ಒಂದು ಅಂಕಿ ನೋಡಿ ಹಿಗ್ಗೋದೂ ಬ್ಯಾಡ, ಸಿಟ್ಟಾಗೋದೂ ಬ್ಯಾಡ, ಪತ್ರಕರ್ತ ಜೈಲಿಗೆ ಹೋಗೋದು, ಬೇಲ್ ಇಲ್ಲದೆ ವರ್ಷಗಟ್ಟಲೆ ಒಳಗಿರೋದು ಇಂಥ ಒಂದೊಂದು ಸಂಗತಿ ಹಿಡಕೊಂಡು ಕೇಳಬೇಕು, ಯಾವ ಪಕ್ಷದ ಸರ್ಕಾರ ಇದ್ರೂ ಕೇಳಬೇಕು.

ಅಂಬೇಡ್ಕರರು 1949ರ ನವೆಂಬರ್ 25ಕ್ಕ ಸಂವಿಧಾನ ಸಭಾದಾಗ ಹೇಳಿದ್ದು ಇವರೆಲ್ಲರಿಗಿಂತ ಮೊದಲು, ರಾಜಕೀಯದಾಗ ಸಮಾನತೆ ಇರ್ತದ, ಸಾಮಾಜಿಕ ಆರ್ಥಿಕ ಬದುಕಿನಾಗ ಅಸಮಾನತೆ ಇರ್ತದ, ಈ ವಿರೋಧಾಭಾಸ ಲಗೂನ ತಗೀದಿದ್ರ ಅದರಿಂದ ನರಳೋರು ಈ ಸೌಧಾನೇ ಒಡೀತಾರ ಅಂತ. ಇದಕ್ಕ ಹೊಂದೋ ಹಂಗ ಓ'ಡೊನೆಲ್ 1993ರಾಗ ಒಂದು ನಕ್ಷಾ ಕಲ್ಪನಾ ಕೊಟ್ಟ. ದೇಶದ ನಕ್ಷಾದಾಗ ಕಾಯ್ದಾ, ಸರ್ಕಾರ ಎರಡೂ ಸರಿಯಾಗಿ ಮುಟ್ಟೋ ಜಾಗ ನೀಲಿ, ಅರ್ಧಂಬರ್ಧ ಮುಟ್ಟೋ ಜಾಗ ಹಸಿರು, ಓಟು ಇದ್ರೂ ಠಾಣಾದಾಗ, ಕಚೇರಿದಾಗ ಬಡವನ ಮಾತು ನಡೀದ ಜಾಗ ಕಂದು. ಒಂದೇ ದೇಶ, ಒಂದೇ ಸಂವಿಧಾನ, ಬಣ್ಣ ಮೂರು.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕ ವಿಶೇಷ ಸವಲತ್ತು ಕೊಡೋ ಸಂವಿಧಾನದ 371ಜೆ ವಿಧಿ ಬಂದಿದ್ದು 98ನೇ ತಿದ್ದುಪಡಿಯಿಂದ, 2013ರಾಗ, ನೌಕರಿ, ಸೀಟು, ಅನುದಾನ ಬಂತು, ಅದು ಆಗಬೇಕಾಗಿದ್ದೇ. ಆದ್ರ ಆ ರೊಕ್ಕ ಎಲ್ಲಿ ಖರ್ಚಾಗಬೇಕು ಅಂತ ಹಳ್ಳಿ ಮಂದಿ ಪರವಾಗಿ ಕೇಳೋ ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗೆ ಕಡೀ ಚುನಾವಣಾ ಆಗಿದ್ದು 2016ರಾಗ. 2021ಕ್ಕ ಅವಧಿ ಮುಗೀತು, ಆಮ್ಯಾಲ ವರ್ಷಗಟ್ಟಲೆ ಅಧಿಕಾರಿಗಳೇ ನಡಸಿದ್ರು. ಚುನಾವಣಾ ಬಿಜೆಪಿ, ಕಾಂಗ್ರೆಸ್ ಎರಡೂ ಸರ್ಕಾರದಾಗ ಮುಂದಕ್ಕ ಹೋತು. ಓ'ಡೊನೆಲ್ ಹೇಳಿದ ನಕ್ಷಾ ನಮ್ಮ ತಾಲೂಕುಗಳಿಗೆ ಇನ್ನೂ ಯಾರಾದ್ರೂ ಬರೀಬೇಕು. ಗುಲಬರ್ಗಾ ವಿಶ್ವವಿದ್ಯಾಲಯದಾಗ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಾಗ ಪಿಎಚ್‌ಡಿ ಮಾಡೋ ಹುಡುಗ ಹುಡುಗಿಯರು ಔರಾದ, ಚಿಂಚೋಳಿ, ಸುರಪುರ, ಆಳಂದ ತಗೊಂಡು ಇಷ್ಟು ಲೆಕ್ಕ ಹಾಕಿದ್ರ ಸಾಕು, ಗ್ರಾಮಸಭಾ ಖರೇ ಕೂಡಿತೋ ಬರೇ ಸಹಿ ಆತೋ, ಜಾತಿ ದೌರ್ಜನ್ಯದ ದೂರು ಠಾಣಾದಾಗ ತಗೊಂಡ್ರೋ ಇಲ್ಲೋ, ಮೀಸಲು ಸೀಟಿನಿಂದ ಗೆದ್ದ ಹೆಣ್ಣಮಗಳ ಖುರ್ಚಿದಾಗ ಯಾರು ಕುಂದರತಾರ.